ಓದುಗರ ಸ್ಪಂದನ: ಸಭೆಗೆ ಕಾಣಿಕೆ, ಮನೆಗೆ ಸಾಲ

ಸಮಸ್ಯೆ: ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಹೀಗೆ ಬರೆದಿದ್ದರು: ‘ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿರುವ ನನ್ನ ಪತಿ ಹಳೆಯ ಚರ್ಚನ್ನು ಬಿಟ್ಟು ಒಂದು ಪ್ರಾರ್ಥನಾಲಯಕ್ಕೆ ಸೇರಿದ್ದಾರೆ. ಸಭೆಗೆ ಕೊಡುವ ಸಂಬಳದ ದಶಮಾಂಶ (ಹತ್ತರಲ್ಲೊಂದು ಪಾಲು) ಸಾಲದೆಂಬಂತೆ, ಸಾಲ ತೀರಬೇಕಾದರೆ ಬೀಜದ ಕಾಣಿಕೆ (ಹಲವು ಪಟ್ಟಾಗಿ ಮರಳುತ್ತದೆಂದು ನಂಬಿ ಕೊಡುವ ಹಣ) ಬಿತ್ತಬೇಕೆಂಬ ಪಾಸ್ಟರ್ ಮಾತಿಗೆ ಕಟ್ಟುಬಿದ್ದು ನನ್ನ ಬಳೆಗಳನ್ನು ಅಡವಿಡಲು ಹೊರಟಿದ್ದಾರೆ. ಚುನಾವಣೆಯ ಹೊತ್ತಿನಲ್ಲಿ ಪಾಸ್ಟರ್ ಅಭ್ಯರ್ಥಿಯೊಬ್ಬರನ್ನು ವೇದಿಕೆಗೆ ಕರೆದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಇವರಿಗೇ ಮತ ಹಾಕಿರೆಂದು ಸಭೆಗೆ ಹೇಳಿದರು. ಪತಿಯನ್ನು ಪ್ರಶ್ನಿಸಿದರೆ ನನಗೆ ನಂಬಿಕೆ ಸಾಲದು ಎನ್ನುತ್ತಾರೆ. ಹೊರಗೆ ಬಾಯಿಬಿಟ್ಟರೆ ನಮ್ಮವರ ಮೇಲೆಯೇ ಕಲ್ಲು ಬಿದ್ದೀತೆಂಬ ಭಯ. ಏನು ಮಾಡಲಿ?’

ತಂಗಿ, ನಿಮ್ಮ ಪತಿಯ ಮುಂದೆ ಬೈಬಲ್ಲನ್ನೇ ತೆರೆದಿಡಿ. ಅವರನ್ನು ಕಟ್ಟಿಹಾಕಿರುವುದೂ ಬೈಬಲ್ಲಿನ ಮಾತೇ ತಾನೆ. ದಶಮಾಂಶ ಕೇಳುವವರೆಲ್ಲ ಮಲಾಕಿಯನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದುತ್ತಾರೆ, ಆಶೀರ್ವಾದ ಸುರಿಯುವ ಸಾಲನ್ನಂತೂ ಎರಡೆರಡು ಸಲ ಓದುತ್ತಾರೆ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯ ಮಾತ್ರ ಅವರ ಬಾಯಲ್ಲಿ ಬರುವುದು ಅಪರೂಪ. ಮೂರು ವರ್ಷಕ್ಕೊಮ್ಮೆ ಬೆಳೆಯ ದಶಮಾಂಶವನ್ನು ಊರಲ್ಲಿಯೇ ಕೂಡಿಟ್ಟು, ದೇವರ ಸೇವೆಗೆ ಮೀಸಲಾದ ಲೇವಿ ಕುಲದವರ ಜೊತೆಗೆ ಪರದೇಶಿಗಳೂ ತಂದೆತಾಯಿ ಇಲ್ಲದ ಮಕ್ಕಳೂ ವಿಧವೆಯರೂ ಹೊಟ್ಟೆತುಂಬ ಉಣ್ಣುವಂತೆ ಮಾಡಬೇಕೆಂಬ ವಿಧಿ ಅಲ್ಲಿದೆ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ, ಪ್ರತಿಯೊಬ್ಬನೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟನ್ನೇ ಕೊಡಲಿ, ಬಲವಂತಕ್ಕೆ ಬೇಡ ಎಂದಿದ್ದಾನೆ. ಬಡ ವಿಧವೆಯ ಎರಡು ಕಾಸಿನ ಪ್ರಸಂಗವನ್ನು ಕಾಣಿಕೆಯ ಚೀಲ ಬರುವ ಹೊತ್ತಿಗೆ ನೆನಪಿಸುವವರು, ಮಾರ್ಕನ ಸುವಾರ್ತೆಯಲ್ಲಿ ಅದಕ್ಕಿಂತ ಸ್ವಲ್ಪ ಮುಂಚೆಯೇ ಇರುವ ವಚನವನ್ನೂ ಓದಲಿ: ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ವಿಷಯದಲ್ಲಿ ಯೇಸು ಎಚ್ಚರಿಕೆ ಕೊಟ್ಟದ್ದು ಅಲ್ಲಿ.

ಬೀಜದ ಕಾಣಿಕೆಯೆಂಬುದು ನಮ್ಮ ಅಜ್ಜಿಯರ ಕಾಲದ ಚರ್ಚುಗಳಲ್ಲಿ ಇರಲಿಲ್ಲ. ಅದನ್ನು ಕಳೆದ ಶತಮಾನದ ಉತ್ತರಾರ್ಧದಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಟಿವಿ ಬೋಧಕ ಓರಲ್ ರಾಬರ್ಟ್ಸ್. 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಕರೆಸಿಕೊಳ್ಳುತ್ತಾನೆ ಎಂದು 1987ರಲ್ಲಿ ಅವರು ಸಾರಿದರು, ಹಣವೂ ಬಂತು. 2005ರ ಜನವರಿಯಲ್ಲಿ ಅಮೆರಿಕದ ಇನ್ನೊಬ್ಬ ಬೋಧಕ ಬೆನ್ನಿ ಹಿನ್ ಬೆಂಗಳೂರಿನ ಜಕ್ಕೂರಿಗೆ ಬಂದಾಗ ನನ್ನ ಪರಿಚಯದವರೂ ಹೋಗಿದ್ದರು. ಅದೇ ಬೋಧಕರು, ಇಂತಿಷ್ಟು ಮೊತ್ತ ಕೊಡಿ ಎಂದು ಕೇಳುವುದು ದೇವರಿಗೆ ಮಾಡುವ ಅಪಚಾರವೆಂದು 2019ರಲ್ಲಿ ಬಹಿರಂಗವಾಗಿ ಹೇಳಿದರು. ಅಲ್ಲಿಯ ಮತ್ತೊಬ್ಬ ಬೋಧಕ ಕ್ರೆಫ್ಲೊ ಡಾಲರ್ ಎಂಬವರು (ಹೆಸರೇ ಹಾಗೆ, ನಾನು ಇಟ್ಟದ್ದಲ್ಲ) 2015ರಲ್ಲಿ 6.5 ಕೋಟಿ ಡಾಲರಿನ ವಿಮಾನಕ್ಕೆಂದು ಜನರಲ್ಲಿ ಹಣ ಕೇಳಿದವರು. 2022ರಲ್ಲಿ, ದಶಮಾಂಶದ ಬಗ್ಗೆ ತಾವು ಅದುವರೆಗೆ ಬೋಧಿಸಿದ್ದು ಸರಿಯಲ್ಲವೆಂದು ಒಪ್ಪಿಕೊಂಡರು. ಬೋಧನೆ ಮಲೆನಾಡಿನ ಮೂಲೆ ಮೂಲೆಗೂ ತಲುಪಿತು. ಅದನ್ನು ಹಿಂತೆಗೆದುಕೊಂಡ ಸುದ್ದಿ ಮಾತ್ರ ಇನ್ನೂ ಘಟ್ಟ ಹತ್ತಿದಂತಿಲ್ಲ. ಪಡೆಯುವ ಬದಲು ಕೊಟ್ಟವರೂ ಇದ್ದರು. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಚದುರಿಹೋಗಿದ್ದ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟು, ಸಿಡುಬಿಗೆ ಲಸಿಕೆ ಹಾಕಿಸಿದರು. ಸಾಲದಲ್ಲಿರುವ ಮನೆಗೆ ಸಭೆಯಿಂದ ಏನು ಹೋಗಬೇಕೆಂದು ನಿಮ್ಮ ಪತಿ ಪಾಸ್ಟರನ್ನು ಕೇಳಬಹುದು.
– ನಿವೃತ್ತ ಉಪಾಧ್ಯಾಯಿನಿ, ಹಾಸನ

ನಾನು ವಕೀಲನಾದ್ದರಿಂದ ಕಾನೂನಿನ ಮಟ್ಟಿಗೆ ಹೇಳುತ್ತೇನೆ. ಬಳೆಗಳು ನಿಮ್ಮ ತವರಿನಿಂದ ಬಂದವಾದರೆ ಅವು ನಿಮ್ಮವೇ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 20ನೆಯ ಕಲಮಿನಂತೆ, ಮದುವೆಯಾದ ಮಾತ್ರಕ್ಕೆ ಗಂಡನಿಗೆ ಹೆಂಡತಿಯ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ. ನೀವು ಒಪ್ಪದೆ ಅಡವಿಡುವಂತಿಲ್ಲ. ಸದ್ಯಕ್ಕೆ ಬ್ಯಾಂಕಿನ ಲಾಕರಿನಲ್ಲಿಡಿ.

ವೇದಿಕೆಯ ವಿಚಾರ ಇನ್ನೂ ಗಂಭೀರವಾದುದು. ದೇವಸ್ಥಾನ, ಮಸೀದಿ, ಚರ್ಚು ಯಾವುದೇ ಇರಲಿ, ಅದರ ಆವರಣವನ್ನು ರಾಜಕೀಯಕ್ಕೆ ಬಳಸುವುದನ್ನೂ ಅದರ ಹಣವನ್ನು ಪಕ್ಷಕ್ಕಾಗಿ ಖರ್ಚು ಮಾಡುವುದನ್ನೂ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ 1988ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು, ತಪ್ಪಿದವರಿಗೆ 5 ವರ್ಷದವರೆಗೆ ಸೆರೆವಾಸ ಮತ್ತು 10,000 ರೂಪಾಯಿಯವರೆಗೆ ದಂಡ ವಿಧಿಸಬಹುದು. ಧರ್ಮದ ಹೆಸರಿನಲ್ಲಿ ಅಭ್ಯರ್ಥಿಯಾಗಲಿ, ಅವನ ಒಪ್ಪಿಗೆಯಿಂದ ಬೇರೆಯವರಾಗಲಿ ಮತ ಕೇಳುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ಭ್ರಷ್ಟಾಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 4:3ರ ಬಹುಮತದಿಂದ, ಮತದಾರರ ಧರ್ಮವನ್ನು ಮುಂದಿಟ್ಟು ಕೇಳುವುದೂ ಇದರೊಳಗೇ ಬರುತ್ತದೆಂದು ಸ್ಪಷ್ಟಪಡಿಸಿತು. ನೀತಿಸಂಹಿತೆ ಜಾರಿಯಲ್ಲಿರುವಾಗ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಹೆಸರು ಹೇಳದೆಯೂ ದೂರು ಕೊಡಲು ಅವಕಾಶವಿದೆ.
– ವಕೀಲರು, ಚಿಕ್ಕಮಗಳೂರು

ಸಹೋದರಿ, ನಾನೂ ಒಂದು ಸಣ್ಣ ಪ್ರಾರ್ಥನಾಲಯಕ್ಕೆ ಸೇರಿದವಳು, ಆದ್ದರಿಂದ ಎಲ್ಲವನ್ನೂ ಮೋಸವೆಂದು ತಳ್ಳಿಹಾಕಲಾರೆ. ತೋಟದ ಕಾರ್ಮಿಕರ ಲೈನ್‌ಮನೆಯವರ ಹೆಸರು ಹಿಡಿದು ಪ್ರಾರ್ಥಿಸುವವರು, ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯಿಡೀ ಕೂರುವವರು ಅಲ್ಲಿ ಸಿಗುತ್ತಾರೆ. ನಿಮ್ಮ ಪತಿಯನ್ನು ಸೆಳೆದದ್ದು ಹಣದ ಆಸೆಯೊಂದೇ ಆಗಿರಲಾರದು. ನಿಮ್ಮ ಭಯವೂ ಸುಳ್ಳಲ್ಲ. 2008ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಪ್ರಾರ್ಥನಾಲಯಗಳ ಮೇಲೂ ದಾಳಿ ನಡೆದದ್ದನ್ನು ಮರೆತವರಾರು? ಆದರೆ ಆ ಭಯವನ್ನೇ ಗುರಾಣಿ ಮಾಡಿಕೊಂಡು ಲೆಕ್ಕ ಕೊಡದೆ ಉಳಿಯುವವರಿದ್ದಾರೆ. ಲೆಕ್ಕ ಕೇಳಲು ಬೀದಿಗೆ ಹೋಗಬೇಕಾಗಿಲ್ಲ.

ನಮ್ಮಲ್ಲಿ ಆರಾಧನೆ ಮುಗಿದ ಮೇಲೆ ಚೀಲವನ್ನು ಎಲ್ಲರೆದುರು ಮೇಜಿನ ಮೇಲೆ ಸುರಿದು, ಪಾಸ್ಟರ್ ಮನೆಯವರಲ್ಲದ ಇಬ್ಬರು ಎಣಿಸಿ, ನೋಟು ಚಿಲ್ಲರೆ ಬೇರೆಬೇರೆಯಾಗಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ತಿಂಗಳ ಕೊನೆಗೆ ಬಾಡಿಗೆ, ಕರೆಂಟು ಬಿಲ್ಲು, ಪಾಸ್ಟರ್ ಸಂಬಳ ಎಲ್ಲವನ್ನೂ ಓದಿ ಹೇಳುತ್ತಾರೆ. ಒಮ್ಮೆ ಧ್ವನಿವರ್ಧಕದ ದುರಸ್ತಿಯ ಖರ್ಚಿನ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ನಿಮ್ಮ ಪ್ರಾರ್ಥನಾಲಯ ಸಂಘವಾಗಿ ನೋಂದಣಿಯಾಗಿದ್ದರೆ, ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಂತೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆದು ಪಳಗಿದ ನಿಮ್ಮ ಪತಿ, ಸಭೆಯ ಲೆಕ್ಕವನ್ನೂ ತಾವೇ ಸಂಬಳವಿಲ್ಲದೆ ಬರೆಯುವುದಾಗಿ ಮುಂದಿನ ಭಾನುವಾರ ಪಾಸ್ಟರ್ ಮುಂದೆ ಹೇಳಲಿ. ಒಪ್ಪಿದರೆ ಪುಸ್ತಕ ನಿಮ್ಮ ಮನೆಯಲ್ಲಿರುತ್ತದೆ. ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂಬ ಪ್ರಶ್ನೆಯನ್ನು ಇನ್ನು ಮೇಲೆ ನೀವು ಕೇಳಬೇಕಾಗಿಲ್ಲ, ನಿಮ್ಮ ಪತಿಯೇ ಕೇಳುತ್ತಾರೆ.
– ಓದುಗರು, ಮೂಡಿಗೆರೆ