ಅಪ್‌ಡೇಟ್: ಡೂಪ್ಲಿಕೇಟ್ ಅಡ್ರೆಸ್ ಸಮಸ್ಯೆ ಬಗೆಹರಿಯಿತು

ಹೋದ ವಾರ ಕೇಳಿದ್ದೆ: ಎಚ್‌ಎಸ್‌ಆರ್‌ಪಿ (ಒಂದು ರೌಟರ್ ಕೆಟ್ಟರೆ ಇನ್ನೊಂದು ನೋಡಿಕೊಳ್ಳಲಿ ಅಂತ ಎರಡೂ ಒಂದೇ ಗೇಟ್‌ವೇ ಐಪಿ ಹಂಚಿಕೊಳ್ಳುವ ವ್ಯವಸ್ಥೆ) ಹಾಕಿರುವ ಎರಡು ರೌಟರ್‌ಗಳಲ್ಲೂ ವಿಲ್ಯಾನ್ 10ರ (ನಮ್ಮ ನೆಟ್‌ವರ್ಕ್‌ನ ಒಂದು ಭಾಗ) ಗೇಟ್‌ವೇ ಐಪಿಗೆ ಡೂಪ್ಲಿಕೇಟ್ ಅಡ್ರೆಸ್ ಎರರ್ ಬರುತ್ತಿದೆ, ಯಾರೋ ಅದೇ ಐಪಿ ಹಾಕಿಕೊಂಡಿದ್ದಾರಾ ಅಂತ. ಅದಲ್ಲ, ಸ್ವಿಚ್‌ಗಳ ನಡುವೆ ಲೂಪ್ ಆಗಿತ್ತು, ಅಂದ್ರೆ ಪ್ಯಾಕೆಟ್‌ಗಳು ಅಲ್ಲಲ್ಲೇ ಸುತ್ತುತ್ತಿದ್ದವು.

ಸುಳಿವು ಲಾಗ್‌ನಲ್ಲೇ ಇತ್ತು. ಅದರಲ್ಲಿದ್ದ ಮ್ಯಾಕ್ (ಸಾಧನದ ಹಾರ್ಡ್‌ವೇರ್ ವಿಳಾಸ) 0000.0ಸಿ07.ಎಸಿ0ಎ. ಇದು ಯಾವ ಪಿಸಿಯದ್ದೂ ಅಲ್ಲ, ಎಚ್‌ಎಸ್‌ಆರ್‌ಪಿಯದೇ ವರ್ಚುವಲ್ ಮ್ಯಾಕ್. ಕೊನೆಯ 0ಎ ಹೆಕ್ಸಾಡೆಸಿಮಲ್, ಅಂದ್ರೆ ಮಾಮೂಲಿ ಲೆಕ್ಕದಲ್ಲಿ 10, ನಮ್ಮ ಎಚ್‌ಎಸ್‌ಆರ್‌ಪಿ ಗ್ರೂಪ್ ನಂಬರ್. ರೌಟರ್ ಕಳಿಸಿದ ಪ್ಯಾಕೆಟ್ ಸುತ್ತಿಕೊಂಡು ಅದಕ್ಕೇ ವಾಪಸ್ ಬರುತ್ತಿತ್ತು! ಎರಡು ದಿನ ಸುಮ್ನೆ ಪಿಸಿಗಳ ಐಪಿ ನೋಡುತ್ತಾ ಕೂತಿದ್ದೆ.

ಆ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಅಂತ ಸ್ವಿಚ್‌ನ ಟೇಬಲ್‌ನಲ್ಲಿ ನೋಡಿದೆ. ಒಂದು ಸಲ ಅಪ್‌ಲಿಂಕ್ (ರೌಟರ್ ಕಡೆ ಹೋಗುವ ಪೋರ್ಟ್), ಇನ್ನೊಂದು ಸಲ 14ನೇ ಪೋರ್ಟ್. ಆ ಕೇಬಲ್ ಹಿಡಿದು ಲ್ಯಾಬ್‌ಗೆ ಹೋದೆ. ಮೇಜಿನ ಕೆಳಗೆ ಧೂಳು ಹಿಡಿದ 8 ಪೋರ್ಟ್‌ನ ಪುಟ್ಟ ಸ್ವಿಚ್. ಅದರಿಂದ ಎರಡು ಕೇಬಲ್ ಗೋಡೆಯ ಎರಡು ಜ್ಯಾಕ್‌ಗೆ ಹೋಗಿದ್ದವು. ಒಂದನ್ನು ಕಿತ್ತೆ, ಎರರ್ ತಕ್ಷಣ ನಿಂತಿತು.

ಸ್ವಿಚ್‌ಗಳಲ್ಲಿ ಲೂಪ್ ಹಿಡಿಯುವ ಸ್ಪ್ಯಾನಿಂಗ್ ಟ್ರೀ ಇದನ್ನು ತಡೆಯಬೇಕಿತ್ತು ಅಲ್ವಾ? ಆದರೆ ಆ ಪೋರ್ಟ್‌ಗಳಲ್ಲಿ ಹಿಂದೆ ಯಾರೋ ಬಿಪಿಡಿಯು (ಸ್ಪ್ಯಾನಿಂಗ್ ಟ್ರೀ ಕಳಿಸುವ ಸಂದೇಶ) ತಡೆಯುವ ಫಿಲ್ಟರ್ ಹಾಕಿದ್ದರು. ಬಿಪಿಡಿಯು ಹೋಗದಿದ್ದರೆ ಸ್ವಿಚ್‌ಗೆ ಲೂಪ್ ಕಾಣುವುದೇ ಇಲ್ಲ. ನನ್ನ ಪ್ರಕಾರ ಬಳಕೆದಾರರ ಪೋರ್ಟ್‌ನಲ್ಲಿ ಅದು ಇರಲೇಬಾರದು. ಈಗ ಎಲ್ಲ ಕಡೆ ತೆಗೆದು, ಬಿಪಿಡಿಯು ಬಂದರೆ ಪೋರ್ಟ್ ಮುಚ್ಚುವ ಬಿಪಿಡಿಯು ಗಾರ್ಡ್ ಹಾಕಿದ್ದೇನೆ. ಬೇಕಂತಲೇ ಎರಡನೇ ಕೇಬಲ್ ಮತ್ತೆ ಚುಚ್ಚಿ ನೋಡಿದೆ, ಪೋರ್ಟ್ ಕೂಡಲೇ ಎರರ್ ಡಿಸೇಬಲ್ ಆಯಿತು, ಅಂದ್ರೆ ತಾನಾಗಿ ಬಂದ್ ಆಯಿತು.

ಮೊದಲು ಮ್ಯಾಕ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.