ವ್ಯಾಪಾರದ ಆಟ ತಯಾರಿಸ್ತಿದ್ದೀನಿ, ಆಟದೊಳಗೆ ದುಡ್ಡು ಉಕ್ಕಿ ಹರೀತಿದೆ. ಅನುಭವ ಇದ್ದವರು ಹೇಳಿ

ಪ್ರಶ್ನೆ: ಶಿರಸಿಯ ಅಡಿಕೆ, ಬ್ಯಾಡಗಿಯ ಮೆಣಸಿನಕಾಯಿ ಕೊಂಡು ಲಾರಿಯಲ್ಲಿ ಊರೂರಿಗೆ ಸಾಗಿಸಿ ಮಾರೋ ಮೊಬೈಲ್ ಆಟ. ಆಡಿದವರೆಲ್ಲ ಅರ್ಧ ಗಂಟೆಯಲ್ಲಿ ಕೋಟ್ಯಧೀಶರಾಗಿ ಆಟ ಬಿಡ್ತಿದ್ದಾರೆ. ಸ್ಕ್ರೀನ್ ತುಂಬ ಬರೀ ಅಂಕಿ ಅನ್ನೋ ದೂರು ಬೇರೆ. ಏನು ಮಾಡ್ಲಿ?

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ ಸರ್. ಲಾರಿ ಹತ್ತದೆ, ಒಂದೇ ಊರಲ್ಲಿ ಕೂತು ದುಡ್ಡು ಮಾಡೋಕಾಗುತ್ತಾ? ನನ್ನ ಆಟದಲ್ಲಿ ಆಗ್ತಿತ್ತು. ಚೀಲಕ್ಕೆ 100 ರೂಪಾಯಿ. ಒಂದು ಚೀಲ ಕೊಂಡರೆ ರೇಟು 1 ರೂಪಾಯಿ ಏರಬೇಕು, ಮಾರಿದರೆ ಇಳೀಬೇಕು. ನಾನು ರೇಟು ಬದಲಿಸ್ತಿದ್ದದ್ದು ವ್ಯವಹಾರ ಪೂರ್ತಿ ಮುಗಿದ ಮೇಲೆ. 40 ಚೀಲ 100ರಂತೆ ಕೊಳ್ಳು, ರೇಟು 140. ಅಷ್ಟನ್ನೂ 140ಕ್ಕೆ ಅಲ್ಲೇ ಮಾರು: 1,600 ಲಾಭ, ರೇಟು ಮತ್ತೆ 100. ನನ್ನ ತಂಗಿ ಮಗ ಊಟಕ್ಕೆ ಕರೆದರೂ ಏಳದೆ ಇದನ್ನೇ ಮಾಡ್ತಿದ್ದ. ಆಮೇಲೆ ಚೀಲಚೀಲಕ್ಕೂ ರೇಟು ಬದಲಾಗೋ ಹಾಗೆ ಮಾಡಿದೆ. ಆಗಲೂ ಚೀಲಕ್ಕೆ 1 ರೂಪಾಯಿ ಸೋರ್ತಿತ್ತು, ಕೊನೇ ಚೀಲ 139ಕ್ಕೆ ಬಂದು 140ಕ್ಕೆ ಹೋಗ್ತಿತ್ತಲ್ಲ! ಮಾರಾಟಕ್ಕೆ 2% ದಲ್ಲಾಳಿ ಕಮಿಷನ್ ಹಾಕಿದ ಮೇಲೆ ನಿಂತಿತು.

ಉತ್ತರ: ಕಮಿಷನ್ ಅಂದಿದ್ದಕ್ಕೆ ಒಂದು ಮಾತು. ಸಾವಿರಾರು ಜನ ಒಟ್ಟಿಗೆ ಆಡೋ ಬಾಹ್ಯಾಕಾಶದ ಆಟ ‘ಈವ್ ಆನ್‌ಲೈನ್’ನಲ್ಲೂ ಮಾರಾಟ ತೆರಿಗೆ ಇದೆ, ಆ ದುಡ್ಡು ಯಾರ ಜೇಬಿಗೂ ಹೋಗದೆ ಆಟದಿಂದಲೇ ಮಾಯ. ನಿಮ್ಮಲ್ಲಿ ಡೀಸೆಲ್, ಟೈರು, ಗೋದಾಮಿನ ಬಾಡಿಗೆ ಇರಲಿ. ಆದರೆ ಲಾರಿ ಹೆಚ್ಚಿದಂತೆ ಖರ್ಚೂ ಹೆಚ್ಚಬೇಕು. ಎಲ್ಲರಿಗೂ ದಿನಕ್ಕೆ 500 ಅಂತ ಇಟ್ಟರೆ ಹೊಸಬ ಮುಳುಗ್ತಾನೆ, ಸಾಹುಕಾರನಿಗೆ ಗೊತ್ತೇ ಆಗಲ್ಲ.

ಉತ್ತರ: ಸ್ಕ್ರೀನ್ ಬಗ್ಗೆ: ಆಡುವವರ ಪಕ್ಕ ಕೂತು ಅವರ ಕೈ ನೋಡಿ. ನಮ್ಮ ಆಟ ಆಡಿದ ಹುಡುಗಿ ಹಾಲಿನ ಬಿಲ್ಲಿನ ಹಿಂದೆ ‘ಮೆಣಸಿನಕಾಯಿ 152’ ಅಂತ ಬರೆದಿಟ್ಟುಕೊಂಡಳು. ಕೊಂಡ ರೇಟು ಮಾರೋ ಸ್ಕ್ರೀನಿನಲ್ಲಿ ಇರಲೇ ಇಲ್ಲ! ಅದೊಂದನ್ನ ಹಾಕಿ ಬೇರೆ ಆರು ಕಾಲಂ ಕಿತ್ತೆವು, ಯಾರೂ ಕೇಳಲಿಲ್ಲ.

ಉತ್ತರ: ಹಾಗಂತ ಎಲ್ಲ ಊರಿನ ಇವತ್ತಿನ ರೇಟೂ ತೋರಿಸಬೇಡಿ ಮಾರಾಯ್ರೆ, ಊಹೆಗೆ ಏನು ಉಳೀತು? 1984ರ ಬಾಹ್ಯಾಕಾಶ ವ್ಯಾಪಾರದ ಆಟ ‘ಎಲೈಟ್’ನಲ್ಲಿ 17 ಬಗೆ ಸರಕು, ಆದರೆ ಕಾಣ್ತಿದ್ದದ್ದು ನಿಂತ ಜಾಗದ ರೇಟು. ಮುಂದಿನ ಗ್ರಹ ಕೃಷಿಯದೋ ಕೈಗಾರಿಕೆಯದೋ ಅನ್ನೋದರ ಮೇಲೆ ಅಂದಾಜು: ಕೃಷಿ ಗ್ರಹದಿಂದ ಆಹಾರ ಒಯ್ಯಿ, ಕೈಗಾರಿಕೆ ಗ್ರಹದಿಂದ ಕಂಪ್ಯೂಟರ್ ತಾ. ಬೇರೆ ಊರಿನ ರೇಟನ್ನ ‘3 ದಿನ ಹಳೇದು’ ಅಂತ ಮಸುಕಾಗಿ ತೋರಿಸಿದರೆ ಸಾಕು.

ಪ್ರಶ್ನೆ ಕೇಳಿದವರು: ಈಗಷ್ಟೇ ಪರೀಕ್ಷೆ ಮಾಡಿದೆ. ಶಿರಸಿ ಬಿಟ್ಟು ಕದಲದೆ ಎಂಟು ನಿಮಿಷಕ್ಕೆ ಕೋಟಿ. ಮೂರು ತಿಂಗಳು ಕೂತು ಲಾರಿಯ ಕೋಡ್ ಬರೆದಿದ್ದೆ.