ಬೀಡಿ ಬಿಟ್ಟ ಒಂಬತ್ತನೇ ದಿನ ಅಪ್ಪನ ಕೈ ನಡುಗುತ್ತಿದೆ: ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಎದೆರೋಗದ ಡಾಕ್ಟರ್ ಮೇಡಂ ಇವತ್ತು ಸಂಜೆ 5ರಿಂದ ಗುಂಪಿನಲ್ಲಿ ಇರುತ್ತಾರೆ. ಬೀಡಿ, ಸಿಗರೇಟು ಬಿಡುವುದರ ಬಗ್ಗೆ ಮಾತ್ರ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಉಣಕಲ್ ಅಣ್ಣ: ನಮಸ್ಕಾರ ಮೇಡಂ. ವಯಸ್ಸು 49. ಎರಡು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ. ದಿನಕ್ಕೆ 15 ಸಿಗರೇಟು ಇದ್ದದ್ದನ್ನು 2ಕ್ಕೆ ತಂದಿದ್ದೇನೆ. ಮುಂಜಾನೆ ಒಂದು, ಊಟದ ಮೇಲೆ ಒಂದು. ಇಷ್ಟಾದರೆ ನಡೆಯುತ್ತದೆ ಅಲ್ವಾ?

ಡಾಕ್ಟರ್: ನಡೆಯುವುದಿಲ್ಲ ರೀ. 15ರಿಂದ 2ಕ್ಕೆ ತಂದದ್ದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಸಿಗರೇಟು ಕಡಿಮೆ ಆದಷ್ಟೇ ಹೃದಯದ ಅಪಾಯ ಕಡಿಮೆ ಆಗುವುದಿಲ್ಲ. ದಿನಕ್ಕೆ ಒಂದೇ ಸೇದಿದರೂ ದೊಡ್ಡ ಪಾಲು ಉಳಿಯುತ್ತದೆ. ನಿಮ್ಮ ಹೃದಯದ ಡಾಕ್ಟರನ್ನು ಕೇಳಿ ನಿಕೋಟಿನ್ ಗಮ್ ಶುರು ಮಾಡಿ. ಸ್ಟೆಂಟಿನ ಗುಳಿಗೆ ಒಂದು ದಿನವೂ ತಪ್ಪಿಸಬೇಡಿ.

ಬೆಟಗೇರಿ ಮಗಳು: ಮೇಡಂ, ನಮ್ಮ ಅಪ್ಪ ನೇಕಾರರು, ವಯಸ್ಸು 61. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ದಮ್ಮಿನ ಕಾಯಿಲೆ ಇದೆ. 9 ದಿನದಿಂದ ಒಂದೂ ಸೇದಿಲ್ಲ. ಆದರೆ ನಾಲ್ಕು ದಿನದಿಂದ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಇಲ್ಲ, ಕೈ ನಡುಗಿ ನೂಲು ಗಂಟು ಹಾಕಲು ಬರುತ್ತಿಲ್ಲ. ಬೀಡಿ ಬಿಟ್ಟದ್ದಕ್ಕೇ ಹೀಗಾಗಿದೆ, ಒಂದು ಸೇದಲಿ ಬಿಡು ಅಂತ ಓಣಿಯವರೆಲ್ಲ ಹೇಳುತ್ತಿದ್ದಾರೆ.

ಡಾಕ್ಟರ್: ತಂಗಿ, ಯಾವ ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ? ಪಟ್ಟಿ ನೋಡಿ ಹೆಸರು ಬರೆಯಿರಿ. ಚಹಾ ಎಷ್ಟು ಕಪ್?

ಹೊಸೂರು ಕಾಕಾ: ಮನಸ್ಸು ಗಟ್ಟಿ ಇದ್ದರೆ ಏನೂ ಆಗುವುದಿಲ್ಲ. ಈಗಿನವರಿಗೆ ಎಲ್ಲದಕ್ಕೂ ಗುಳಿಗೆ ಬೇಕು. ನಮ್ಮಜ್ಜ 88 ವರ್ಷ ಬದುಕಿದ, ಕೊನೆಯ ದಿನದವರೆಗೂ ಬೀಡಿ ಸೇದಿದ. ಬೀಡಿ ಎಲೆಯದ್ದು. ಸಿಗರೇಟಿನಷ್ಟು ಕೆಟ್ಟದ್ದಲ್ಲ.

ಧಾರವಾಡ ಅಕ್ಕ: ನಿಮ್ಮಜ್ಜ ಒಬ್ಬರು ಬದುಕಿದರು ಕಾಕಾ. ನಮ್ಮ ಮನೆಯವರು 52ಕ್ಕೆ ಹೋದರು. ಅವರದ್ದೂ ಬೀಡಿಯೇ.

ಡಾಕ್ಟರ್: ಬೀಡಿ ಸಿಗರೇಟಿಗಿಂತ ಒಳ್ಳೆಯದು ಅನ್ನುವುದು ತಪ್ಪು. ಅದು ಬೇಗ ಆರುತ್ತದೆ, ಆರದಿರಲಿ ಅಂತ ಮೇಲಿಂದ ಮೇಲೆ ಜೋರಾಗಿ ಎಳೆಯುತ್ತಾರೆ. ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಕಡಿಮೆ ಏನೂ ಬರುವುದಿಲ್ಲ.

ಬೆಟಗೇರಿ ಮಗಳು: ಬಾಯಿಂದ ಎಳೆಯುವ ಪಂಪ್ ದಿನಕ್ಕೆ ಎರಡು ಸಲ. ದಮ್ಮಿಗೆ ಡೆರಿಫಿಲಿನ್ ಗುಳಿಗೆ ಮುಂಜಾನೆ ಒಂದು, ರಾತ್ರಿ ಒಂದು, ಮೂರು ವರ್ಷದಿಂದ. ಕೆಮ್ಮು ಜಾಸ್ತಿ ಆಗಿತ್ತು ಅಂತ ಐದು ದಿನದ ಹಿಂದೆ ಮೆಡಿಕಲ್ ಅಂಗಡಿಯಲ್ಲಿ ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು. ಚಹಾ ಏಳೆಂಟು ಕಪ್. ಇವತ್ತು ಎರಡು ಸಲ ವಾಂತಿ ಆಯಿತು.

ಡಾಕ್ಟರ್: ತಂಗಿ, ಇದನ್ನು ಓದಿ ಕೂಡಲೇ ಹೊರಡಿ. ನಿಮ್ಮ ಅಪ್ಪನಿಗೆ ಆಗುತ್ತಿರುವುದು ಬರೀ ಚಟದ ತ್ರಾಸಿನಂತೆ ಕಾಣುವುದಿಲ್ಲ. ಬೀಡಿ ಬಿಟ್ಟಾಗ ಸಿಟ್ಟು, ನಿದ್ದೆಗೇಡು, ಚಡಪಡಿಕೆ ಬರುತ್ತದೆ. ಅದು ಮೊದಲ ವಾರದಲ್ಲೇ ಜೋರು, ಮೂರು ನಾಲ್ಕು ವಾರದಲ್ಲಿ ಇಳಿಯುತ್ತದೆ. ಎದೆ ಹೊಡೆದುಕೊಳ್ಳುವುದು, ವಾಂತಿ, ಕೈ ನಡುಕ ಮೂರೂ ಸೇರಿದರೆ ನನಗೆ ಡೆರಿಫಿಲಿನ್ ಮೇಲೆ ಸಂಶಯ. ಅದರಲ್ಲಿ ಥಿಯೋಫಿಲಿನ್ ಇದೆ. ಹೊಗೆಯ ಟಾರ್ ಲಿವರಿನ ಕೆಲಸವನ್ನು ಚುರುಕು ಮಾಡಿಟ್ಟಿರುತ್ತದೆ. ಹಾಗಾಗಿ ಸೇದುವವರ ಮೈಯಿಂದ ಈ ಔಷಧಿ ಬೇಗ ಹೊರಗೆ ಹೋಗುತ್ತದೆ. ಸೇದುವುದು ನಿಂತರೆ ಒಂದು ವಾರದೊಳಗೆ ಆ ಚುರುಕು ಇಳಿಯುತ್ತದೆ. ಗುಳಿಗೆ ಅಷ್ಟೇ, ರಕ್ತದಲ್ಲಿ ಉಳಿಯುವುದು ಮಾತ್ರ ಜಾಸ್ತಿ. ಅದಕ್ಕೇ ಬೀಡಿ ಬಿಟ್ಟವರಿಗೆ ನಾವು ಡೋಸ್ ಇಳಿಸುತ್ತೇವೆ. ಇದರ ಮೇಲೆ ಸಿಪ್ರೋಫ್ಲಾಕ್ಸಾಸಿನ್ ಕೂಡ ಅದೇ ಥಿಯೋಫಿಲಿನ್‌ನ ಮಟ್ಟ ಏರಿಸುತ್ತದೆ. ಚಹಾದ ಕೆಫೀನ್‌ಗೂ ಇದೇ ಕಥೆ, ಮೊದಲಿನ ಎಂಟು ಕಪ್ ಈಗ ಮೈಗೆ ಇನ್ನೂ ಜಾಸ್ತಿ. ಡೆರಿಫಿಲಿನ್, ಸಿಪ್ರೋ ಎರಡೂ ಇವತ್ತು ಕೊಡಬೇಡಿ. ಪಂಪ್ ನಿಲ್ಲಿಸಬೇಡಿ. ಗುಳಿಗೆಯ ಪಟ್ಟಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಗದಗದ ಜಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಇಸಿಜಿ, ರಕ್ತದ ಪೊಟ್ಯಾಷಿಯಂ ನೋಡಲಿ. 'ಒಂಬತ್ತು ದಿನದ ಹಿಂದೆ ಬೀಡಿ ಬಿಟ್ಟಿದ್ದಾರೆ' ಅಂತ ಮೊದಲೇ ಹೇಳಿ. ಮೈ ನಡುಗಿ ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ. ಓಣಿಯವರು ಕೊಡುವ ಬೀಡಿ ಬೇಡವೇ ಬೇಡ. ನಿಮ್ಮ ಅಪ್ಪ ಬಿಟ್ಟದ್ದು ಸರಿಯಾಗಿದೆ. ಔಷಧಿಯ ಲೆಕ್ಕ ಬದಲಾಗಬೇಕಿತ್ತು, ಅದನ್ನು ಅವರಿಗೆ ಯಾರೂ ಹೇಳಲಿಲ್ಲ.

ಬೆಟಗೇರಿ ಮಗಳು: ಹೊರಟೆವು ಮೇಡಂ.

ಬ್ಯಾಡಗಿ ಹಮಾಲ: ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಕೆಲಸ ರೀ. ಸಿಗರೇಟು ಬಿಟ್ಟು 20 ದಿನ ಆಯಿತು, ಕೆಮ್ಮು, ಕಫ ಜಾಸ್ತಿ ಆಗಿದೆ.

ಡಾಕ್ಟರ್: ಶ್ವಾಸನಾಳದಲ್ಲಿ ಕಫ ಮೇಲೆ ತಳ್ಳುವ ಸಣ್ಣ ಕೂದಲುಗಳಿವೆ. ಹೊಗೆಗೆ ಮಲಗಿದ್ದವು ಈಗ ಏಳುತ್ತವೆ, ಅದಕ್ಕೇ ಕೆಲವರಿಗೆ ಕೆಮ್ಮು ಏರುತ್ತದೆ. ಖಾರದ ಧೂಳೂ ಇದೆ, ಬಾಯಿ ಮೂಗು ಕಟ್ಟಿಕೊಂಡು ಕೆಲಸ ಮಾಡಿ. ಆದರೆ ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಆಗಲೇಬೇಕು. ಹಣ ಕೊಡಬೇಕಾಗಿಲ್ಲ. ರಕ್ತ ಕಂಡರೆ ಅದೇ ದಿನ ಹೋಗಿ.

ನವನಗರ ಸರ್: ಗಮ್ ಎಷ್ಟು, ಹೇಗೆ ಮೇಡಂ?

ಡಾಕ್ಟರ್: 2 ಮಿಲಿಗ್ರಾಂ, 4 ಮಿಲಿಗ್ರಾಂ ಎರಡು ಬಗೆ ಇದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4. ಚೂಯಿಂಗ್ ಗಮ್ ಥರ ಜಗಿಯುತ್ತಲೇ ಇರಬಾರದು. ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯೊಳಗೆ ಒತ್ತಿಡಿ, ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ. ಗಮ್ ಹಾಕುವ 15 ನಿಮಿಷ ಮೊದಲು, ಅದು ಬಾಯಲ್ಲಿರುವಾಗ ಚಹಾ ಬೇಡ. ಬಿಡಲು ಸಹಾಯ ಬೇಕಾದರೆ 1800-11-2356ಕ್ಕೆ ಫೋನ್ ಮಾಡಿ, ಉಚಿತ.

ವಿದ್ಯಾನಗರ: ಬೆರಳಿಗೆ ಹಾಕುವ ಮಷಿನ್ 98 ತೋರಿಸುತ್ತದೆ. ಶ್ವಾಸಕೋಶ ಚೆನ್ನಾಗಿದೆ ಅಲ್ವಾ?

ಡಾಕ್ಟರ್: ಹಾಗೆ ಹೇಳಲಾಗದು. ಸೇದುವವರ ರಕ್ತದಲ್ಲಿರುವ ಕಾರ್ಬನ್ ಮೊನಾಕ್ಸೈಡನ್ನು ಆ ಮಷಿನ್ ಆಕ್ಸಿಜನ್ ಅಂತ ಎಣಿಸುತ್ತದೆ.

ಗದಗ ರೋಡ್: ಮೇಡಂ, ಗೋವಾದಿಂದ ಗೆಳೆಯ ಇ-ಸಿಗರೇಟು ತಂದಿದ್ದಾನೆ, ಬೀಡಿ ಬಿಡಲು ಅದನ್ನು ಬಳಸಬಹುದಾ?

ಹಾವೇರಿ ತಮ್ಮ: *ಫಾರ್ವರ್ಡ್: ಬೆಲ್ಲ, ಶುಂಠಿ, ಅರಿಶಿನದ ಕಷಾಯ 3 ದಿನ ಕುಡಿದರೆ 30 ವರ್ಷದ ಟಾರ್ ಹೊರಬೀಳುತ್ತದೆ.* ಗೊತ್ತಾಗದ ಹಾಗೆ ಚಹಾದಲ್ಲಿ ಕಲಸಿ ಚಟ ಬಿಡಿಸುವ ಪುಡಿಯೂ ಸಿಗುತ್ತದೆ, ಬೇಕಾದವರು ಕೇಳಿ.

ಡಾಕ್ಟರ್: ಅಡ್ಮಿನ್, ಇದನ್ನು ಅಳಿಸಿ. ಕಷಾಯ ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶ ತೊಳೆಯುವುದಿಲ್ಲ. ಶುಗರ್ ಇದ್ದವರು ಬೆಲ್ಲದ ಕಷಾಯ ಮೂರು ದಿನ ಕುಡಿದರೆ ನನ್ನ ಹತ್ತಿರ ಬೇರೆ ತೊಂದರೆ ತರುತ್ತಾರೆ. ಹೇಳದೆ ಪುಡಿ ಕಲಸುವುದು ಅದಕ್ಕಿಂತ ಕೆಟ್ಟದ್ದು. ಆ ಪುಡಿಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಒಬ್ಬ ತಂದೆಗೆ ಎರಡು ಗೊತ್ತಿರುವ ಗುಳಿಗೆ ಸೇರಿ ಏನಾಯಿತು ಅಂತ ಈಗಷ್ಟೇ ಓದಿದ್ದೀರಿ.

ಹಾವೇರಿ ತಮ್ಮ: ಒಳ್ಳೆಯದಾಗಲಿ ಅಂತ ಹಾಕಿದೆ. ನಿಮಗೆ ಇಂಗ್ಲಿಷ್ ಔಷಧಿ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ.

ಧಾರವಾಡ ಅಕ್ಕ: ಪುಡಿ ನೀವೇ ಮಾರುತ್ತೀರಾ? ನೇರವಾಗಿ ಹೇಳಿ.

ಹೊಸೂರು ಕಾಕಾ: ಹುಡುಗ ಏನು ತಪ್ಪು ಹೇಳಿದ? ನಾನು ಮನಸ್ಸು ಮಾಡಿ ಒಂದೇ ದಿನಕ್ಕೆ ಸಿಗರೇಟು ಬಿಟ್ಟೆ.

ಉಣಕಲ್ ಅಣ್ಣ: ಬಿಟ್ಟು ಗುಟ್ಖಾ ಹಿಡಿದಿರಿ ಕಾಕಾ. ನಿಮ್ಮ ಅಂಗಡಿ ಗೋಡೆ ನಾನು ದಿನಾ ನೋಡುತ್ತೇನೆ.

ಹೊಸೂರು ಕಾಕಾ: ಬಾಯಿ ಬಿಗಿ ಹಿಡಿ. ವಯಸ್ಸಿಗೆ ಬೆಲೆ ಇಲ್ಲವೇ?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಫಾರ್ವರ್ಡ್ ಅಳಿಸಿದ್ದೇನೆ.

ಡಾಕ್ಟರ್: ಗುಟ್ಖಾದಲ್ಲೂ ತಂಬಾಕೇ ಇದೆ. ಬಾಯಿ ತೆರೆಯಲು ಬಿಗಿ ಆಗುತ್ತಿದ್ದರೆ, ವಾಸಿಯಾಗದ ಹುಣ್ಣು ಇದ್ದರೆ ತಡ ಮಾಡಬೇಡಿ ಕಾಕಾ, ತೋರಿಸಿ.

ಕುಂದಗೋಳ: ಗಮ್ ಎಷ್ಟು ಮಿಲಿಗ್ರಾಂದು, ಹೇಗೆ ತಿನ್ನಬೇಕು?

ಡಾಕ್ಟರ್: ಮೇಲೆ ಇದೆ.

ಶಿಗ್ಗಾಂವಿ: ಗಮ್ ಬಗ್ಗೆ ಹೇಳಿ ಮೇಡಂ. ಫೋನ್ ನಂಬರ್ ಕೂಡ ಕೊಡಿ.

ಡಾಕ್ಟರ್: ಮೇಲೆ ಓದಿ ರೀ. ಎರಡೂ ಇವೆ.

ಬೆಟಗೇರಿ ಮಗಳು: ಮೇಡಂ, ಈಗ 9:40. ಪೊಟ್ಯಾಷಿಯಂ ಕಡಿಮೆ ಇದೆ ಅಂದರು, ಸಲೈನ್ ಹಚ್ಚಿದ್ದಾರೆ. ಎರಡೂ ಗುಳಿಗೆ ನಿಲ್ಲಿಸಿದ್ದಾರೆ. ಎದೆಬಡಿತ ಇಳಿಯುತ್ತಿದೆ. ಅಪ್ಪ ಈಗ ಮಲಗಿದ್ದಾರೆ.

ಡಾಕ್ಟರ್: ಸಮಾಧಾನ ಆಯಿತು ತಂಗಿ. ಡೆರಿಫಿಲಿನ್ ಮತ್ತೆ ಶುರು ಮಾಡುವುದಾದರೆ ಅಲ್ಲಿನ ಡಾಕ್ಟರ್ ಹೇಳಿದ ಡೋಸ್ ಮಾತ್ರ, ಹಳೆಯ ಚೀಟಿ ನೋಡಿ ಕೊಡಬೇಡಿ. ಮನೆಗೆ ಬಂದ ಮೊದಲ ಮುಂಜಾನೆ ಒಬ್ಬರು ಅವರ ಹತ್ತಿರ ಕೂತಿರಿ. ಅವರು ಬರುವ ಮೊದಲು ಮಗ್ಗದ ಸುತ್ತ ಒಮ್ಮೆ ನೋಡಿ, ಎಲ್ಲಾದರೂ ಒಂದು ಕಟ್ಟು ಉಳಿದಿರಬಹುದು.

ಬೆಟಗೇರಿ ಮಗಳು: ತಮ್ಮ ಮನೆಯಲ್ಲಿದ್ದ, ಈಗಲೇ ನೋಡಿದ. ಕಂಡಿಕೆ ಬುಟ್ಟಿಯ ತಳದಲ್ಲಿ ಅರ್ಧ ಕಟ್ಟು ಇತ್ತು ಮೇಡಂ. ನೀರಿಗೆ ಹಾಕಿದ್ದಾನೆ.